ಗೆದ್ದ ಕುದುರೆ ಪೇಪರಲ್ಲಿ ಬರುತ್ತೆ, ಕುಂಟಿದ ಕುದುರೆ ಎಲ್ಲಿ ಹೋಯ್ತು?

ಬಿಟ್ಟಂಗಾಲದ ಗದ್ದೆ
ರಾತ್ರಿ 9.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾದಾಗ ಓದಿ.

ಮೊನ್ನೆ ಸೋದರಮಾವನ ಮಗನ ಜೊತೆ ಕುದುರೆ ರೇಸ್ ನೋಡೋಕೆ ಹೋಗಿದ್ದೆ. ಯಾವ ಊರಿನ ಮೈದಾನ ಅಂತ ಬರೆಯಲ್ಲ, ನನ್ನ ಮಾತು ಆ ಮೈದಾನದವರ ಬಗ್ಗೆ ಅಲ್ಲ. ರೇಸ್ ನನಗೆ ಹೊಸದೂ ಅಲ್ಲ. ಚಿಕ್ಕಂದಿನಲ್ಲಿ ದಸರಾ ರಜೆಗೆ ಅಪ್ಪ ಮೈಸೂರಿಗೆ ಕರ್ಕೊಂಡು ಹೋದಾಗೆಲ್ಲ ಚಾಮುಂಡಿ ಬೆಟ್ಟದ ಬುಡದ ರೇಸ್‌ಕೋರ್ಸ್‌ಗೆ ಒಂದು ಮಧ್ಯಾಹ್ನ ಮೀಸಲು. ಅಪ್ಪ ದುಡ್ಡು ಕಟ್ಟಿದ್ದನ್ನ ನಾನು ನೋಡೇ ಇಲ್ಲ. ಓಟಕ್ಕೆ ಮೊದಲು ಕುದುರೆ ನಡೆಸಿ ತೋರಿಸೋ ಪ್ಯಾಡಾಕಿನ ಕಂಬಿ ಹಿಡ್ಕೊಂಡು ನಿಂತು, 'ಹಿಂಗಾಲು ಎಲ್ಲಿ ಬೀಳುತ್ತೆ ನೋಡು, ಮುಂಗಾಲಿನ ಗುರುತು ದಾಟಿ ಬಿದ್ರೆ ಅದರ ಬೆನ್ನು ಸಡಿಲ ಇದೆ ಅಂತ ಅರ್ಥ' ಅಂತಿದ್ರು. ಅವರಿಗೆ ಕುದುರೆ ನಡೆಯೋದನ್ನ ನೋಡೋದೇ ಹಬ್ಬ. ಓಡೋದು ಆಮೇಲಿನ ಮಾತು.

ಮೊನ್ನೆಯದು 1400 ಮೀಟರಿನ ಓಟ. ತಿರುವು ಕಳೆದು ನೇರ ದಾರಿಗೆ ಬರ್ತಿದ್ದ ಹಾಗೆ ಗುಂಪಿನ ನಡುವೆ ಇದ್ದ ಒಂದು ಕಂದು ಹೆಣ್ಣು ಕುದುರೆ ಮುಂಗಾಲು ಊರಲಾಗದೆ ಹಿಂದೆ ಉಳೀತು. ಜಾಕಿ ಹೇಗೋ ನಿಲ್ಲಿಸಿ, ಇಳಿದು, ಲಗಾಮು ಹಿಡ್ಕೊಂಡ. ಸ್ಟ್ಯಾಂಡಿನಲ್ಲಿದ್ದ ಎಲ್ಲರ ಕಣ್ಣು ಗೆಲುವಿನ ಕಂಬದ ಕಡೆ. ಕುದುರೆ ಆಂಬುಲೆನ್ಸ್ ಬಂತು, ಸುತ್ತ ಪರದೆ ಹಿಡಿದರು. ಕುದುರೆ ನೋಡ್ಕೊಳ್ಳೋ ಒಬ್ಬ ಸೈಸ್ ಕೈಯಲ್ಲಿ ಹಗ್ಗ ಹಿಡ್ಕೊಂಡು ಟ್ರ್ಯಾಕಿನ ಅಂಚಲ್ಲಿ ಅಷ್ಟು ದೂರ ಒಬ್ಬನೇ ಓಡ್ತಾ ಹೋದ. ಮುಂದಿನ ರೇಸಿನ ಘೋಷಣೆ ಶುರುವಾದಾಗಲೂ ಅವನು ಇನ್ನೂ ಓಡ್ತಾನೇ ಇದ್ದ.

ಆ ಕುದುರೆ ಏನಾಯ್ತು ಅಂತ ತಿಳ್ಕೊಳ್ಳೋಕೆ ಮರುದಿನ ವಿರಾಜಪೇಟೆಯಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಸಿಕ್ಕ ಪೇಪರೆಲ್ಲ ಕೊಂಡೆ. ಇಂಗ್ಲಿಷ್ ಪೇಪರಲ್ಲಿ ಆ ಓಟಕ್ಕೆ ಐದು ಸಾಲು: ಮೊದಲ ನಾಲ್ಕು ಕುದುರೆ, ಎಷ್ಟು ಲೆಂತ್ (ಕುದುರೆಯ ಉದ್ದದ ಲೆಕ್ಕ) ಅಂತರ, ಎಷ್ಟು ಸಮಯ, ಮೈದಾನದ ಬಾಜಿ ಲೆಕ್ಕವಾದ ಟೋಟಿನಲ್ಲಿ ಎಷ್ಟು ಬಂತು, ಮಾಲೀಕರು, ಟ್ರೇನರ್. ಓಟ ಮುಗಿಸದ ಕುದುರೆಗೆ ಅಲ್ಲಿ ಜಾಗ ಇರಲಿಲ್ಲ. ಕನ್ನಡದ್ದರಲ್ಲಿ ರೇಸ್ ಅನ್ನೋದೇ ಇರಲಿಲ್ಲ. ನಾಲ್ಕು ದಿನ ಬಿಟ್ಟು ಒಂದು ಮೊಬೈಲ್ ಸುದ್ದಿ ಚಾನೆಲ್‌ನಲ್ಲಿ ಕುದುರೆಗಳ ದೊಡ್ಡ ಚಿತ್ರ ಕಂಡಿತು. ತೆರೆದು ನೋಡಿದ್ರೆ ಬೆಟ್ಟಿಂಗ್ ಅಡ್ಡೆ ಮೇಲೆ ದಾಳಿ.

ನಾವು ಕೊಡಗಿನವರು. ಆಟದ ವರದಿ ಹೇಗಿರಬೇಕು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟುಂಬದವರು 60 ತಂಡ ಸೇರಿಸಿ ಶುರು ಮಾಡಿದ ಕೌಟುಂಬಿಕ ಹಾಕಿ, 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ ಹೊತ್ತಿಗೆ 360 ತಂಡ ಆಯ್ತು. ಆ ತಿಂಗಳು ಪೂರ್ತಿ ನಮ್ಮ ಪತ್ರಿಕೆಗಳಲ್ಲಿ ಮೊದಲ ಸುತ್ತಲ್ಲೇ ಸೋತ ಒಕ್ಕದ (ಮನೆತನದ) ಹೆಸರೂ ಬರುತ್ತೆ, ಗೋಲು ಹೊಡೆದವನ ಹೆಸರೂ ಬರುತ್ತೆ. ಅರವತ್ತು ದಾಟಿದ ಅಜ್ಜ ಮೊಮ್ಮಗನ ಜೊತೆ ಆಡಿದ್ರೆ ಫೋಟೋ ಸಮೇತ ಬರುತ್ತೆ. ಇಷ್ಟು ಅಕ್ಕರೆಯಿಂದ ಬರೆಯೋ ಕೈಗಳು ಹುಣಸೂರು ದಾಟಿದರೆ ಸಿಗೋ ಒಂದು ಆಟವನ್ನ, 1891ರಷ್ಟು ಹಿಂದೆ ಮೈಸೂರಲ್ಲಿ ಕ್ಲಬ್ ಕಟ್ಟಿಕೊಂಡ ಆಟವನ್ನ, ಯಾಕೆ ಹೀಗೆ ಬಿಟ್ಟವು? ನಿಮಗೆಲ್ಲ ಏನನ್ನಿಸುತ್ತೆ ಹೇಳಿ.

ಹಳೆಯ ಡೆಸ್ಕ್
ರಾತ್ರಿ 9.48

ನಾನು ಒಂದು ದಿನಪತ್ರಿಕೆಯ ಕ್ರೀಡಾಪುಟದಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಈಗ ಮೂರ್ನಾಡು ಹತ್ತಿರ ಎರಡು ಎಕರೆ ತೋಟ ನೋಡ್ಕೊಂಡಿದ್ದೀನಿ. ನೀವು ಕೇಳಿದ್ದಕ್ಕೆ ಒಳಗಿನಿಂದ ಉತ್ತರ ಕೊಡ್ತೀನಿ.

ನಮ್ಮ ಕಾಲದಲ್ಲಿ ರೇಸ್ ಕ್ರೀಡಾಪುಟಕ್ಕೆ ಬರ್ತಿದ್ದದ್ದು ಎರಡು ಸಲ. ಓಟದ ಹಿಂದಿನ ದಿನ 'ನಾಳೆಯ ಆಯ್ಕೆ', ಓಟದ ರಾತ್ರಿ ಫಲಿತಾಂಶ. ಎರಡನ್ನೂ ಬರೀತಿದ್ದವರು ಹೊರಗಿನಿಂದ ಕಳಿಸೋ ರೇಸ್ ಬಲ್ಲವರು, ಡೆಸ್ಕಿನವರಿಗೆ ಅದರ ಗಂಧಗಾಳಿ ಇಲ್ಲ. ಅಂಕಿ ತಪ್ಪಿದರೆ ಬೆಳಿಗ್ಗೆ ಹತ್ತು ಫೋನ್ ಬರುತ್ತೆ ಅನ್ನೋ ಭಯಕ್ಕೆ ಹೇಗೆ ಬಂತೋ ಹಾಗೇ ಹಾಕ್ತಿದ್ವಿ. 'ಆಯ್ಕೆ' ಇದ್ದ ದಿನ ರೇಸ್‌ಕೋರ್ಸ್ ಸುತ್ತಮುತ್ತ ಪತ್ರಿಕೆ ಹೆಚ್ಚು ಖರ್ಚಾಗೋದು ನಿಜ. ಹಾಗಾಗಿ ರೇಸ್ ಅಂದ್ರೆ ಟಿಪ್ಸ್ (ಯಾವ ಕುದುರೆ ಗೆಲ್ಲುತ್ತೆ ಅನ್ನೋ ಸೂಚನೆ) ಅಂತಲೇ ಒಳಗೂ ನಂಬಿಕೆ ಕೂತುಬಿಡ್ತು. ಆಮೇಲೆ ಜಾಗ ಕಡಿಮೆಯಾಯ್ತು, ಕ್ರಿಕೆಟ್ ಬೆಳೀತು, ಜೂಜಿಗೆ ಯಾಕೆ ಪ್ರೋತ್ಸಾಹ ಅಂತ ಓದುಗರೂ ಕೇಳಿದರು. ಟಿಪ್ಸ್ ನಿಲ್ಲಿಸಿದ್ವಿ. ಟಿಪ್ಸ್ ಬಿಟ್ಟು ಬೇರೆ ಏನನ್ನೂ ಕಟ್ಟಿಕೊಂಡಿರಲಿಲ್ಲ ನೋಡಿ, ಅದು ನಿಂತ ದಿನವೇ ರೇಸೂ ನಿಂತಿತು.

ಹಾಕಿಗೆ ಹೀಗಾಗಲಿಲ್ಲ, ಯಾಕಂದ್ರೆ ಹಾಕಿ ಬರೆಯುವವನು ಮೈದಾನದಲ್ಲಿ ಬೆಳೆದವನು. ಮಡಿಕೇರಿಯ 'ಶಕ್ತಿ' 1957ರಿಂದ ಬರ್ತಾ ಇದೆ. ಈ ಜಿಲ್ಲೆಯಲ್ಲಿ ಹಾಕಿ ಸ್ಟಿಕ್ ಹಿಡಿಯದ ವರದಿಗಾರ ಸಿಗೋದು ಕಷ್ಟ. ಕುದುರೆಯ ಬಗ್ಗೆ ಹಾಗೆ ಹೇಳೋಕಾಗಲ್ಲ. ನಮ್ಮ ಮಳೆಗೆ, ಕೆಸರಿಗೆ ಕುದುರೆ ಒಗ್ಗಲಿಲ್ಲ. ಬೋಡ್ ನಮ್ಮೆ ಹಬ್ಬಕ್ಕೆ ಬಿದಿರು, ಬಟ್ಟೆಯ ಕುದುರೆ ಕಟ್ಟಿ ಕುಣಿಸ್ತೀವಿ, ಲಾಯದಲ್ಲಿ ಕುದುರೆ ಕಟ್ಟಿದ ಮನೆ ನಮ್ಮ ಊರಲ್ಲಿ ಒಂದೂ ಇಲ್ಲ.

ಸುಂಟಿಕೊಪ್ಪದ ಅಕ್ಕ
ರಾತ್ರಿ 10.21

ಬರೆದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೂ ನಾನು ಇನ್ನೊಂದು ಮಗ್ಗುಲು ಹೇಳಲೇಬೇಕು.

ನಮ್ಮ ಮನೆಯಲ್ಲಿ ರೇಸ್ ಅಂದ್ರೆ ನನ್ನ ದೊಡ್ಡಪ್ಪ. ಕಾಫಿ ಮಾರಿದ ದುಡ್ಡು ಕೈಗೆ ಬಂದ ವಾರ ಅವರು ಮನೇಲಿ ಇರ್ತಿರಲಿಲ್ಲ. ಕರಿಮೆಣಸು ಒಣಗೋಕೆ ಮೊದಲೇ ವ್ಯಾಪಾರಿ ಹತ್ರ ಮುಂಗಡ ತಗೊಂಡಿರೋರು. ದೊಡ್ಡಮ್ಮನ ಕೊರಳಿನ ಪತ್ತಾಕ್ ಸರ ಗಿರವಿಗೆ ಹೋಯ್ತು. ಬಿಡಿಸಿದ್ದು ಅವರ ಮಗಳು, ಕೆಲಸಕ್ಕೆ ಸೇರಿ ಆರನೇ ವರ್ಷಕ್ಕೆ. ದೊಡ್ಡಪ್ಪನ ದಿಂಬಿನ ಕೆಳಗೆ ಯಾವತ್ತೂ ಪೇಪರಿನ ಒಂದು ತುಂಡು ಇರೋದು, ಪೆನ್ಸಿಲಲ್ಲಿ ಗುರುತು ಹಾಕಿದ್ದು. ಅದು ಮೇಲೆ ಡೆಸ್ಕಿನವರು ಹೇಳಿದ 'ನಾಳೆಯ ಆಯ್ಕೆ'ಯೇ.

ನಮ್ಮ ಪತ್ರಿಕೆಗಳು ರೇಸ್ ಬಿಟ್ಟದ್ದಕ್ಕೆ ನೀವು ಬೇಸರ ಮಾಡ್ಕೊಳ್ತೀರಿ. ನನಗೆ ನೆಮ್ಮದಿ. ನಿಮ್ಮ ಪ್ಯಾಡಾಕಿನ ಕಂಬಿ ಹಿಡ್ಕೊಂಡು ನನ್ನ ದೊಡ್ಡಪ್ಪನೂ ನಿಂತಿದ್ರು.

ಬಿಟ್ಟಂಗಾಲದ ಗದ್ದೆ
ರಾತ್ರಿ 10.40

ಅಕ್ಕ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯೋಕಾಗಲಿಲ್ಲ. ಟಿಪ್ಸ್ ವಾಪಸ್ ತನ್ನಿ ಅಂತ ನಾನು ಕೇಳ್ತಿಲ್ಲ, ದೇವರಾಣೆಗೂ ಇಲ್ಲ. ಯಾವ ಕುದುರೆಗೆ ಎಷ್ಟು ಭಾವ (ಬಾಜಿ ದರ) ಅನ್ನೋದು ಬರಲೇಬಾರದು ಅಂತಲೇ ನನ್ನ ಅಭಿಪ್ರಾಯ.

ಆದರೆ ಒಂದು ಯೋಚನೆ ಮಾಡಿ. ಪತ್ರಿಕೆ ಬಿಟ್ಟ ಮೇಲೆ ಜೂಜು ನಿಂತಿತಾ? ಮೊಬೈಲಿಗೆ ಹೋಯ್ತು. ಟಿಪ್ಸ್ ಗುಂಪುಗಳು ನೂರಾರು. ನಿಂತದ್ದು ಏನು ಅಂದ್ರೆ, ಆ ಪ್ರಾಣಿಯ ಬಗ್ಗೆ, ಅದನ್ನ ನೋಡ್ಕೊಳ್ಳೋರ ಬಗ್ಗೆ ಕೇಳೋ ಒಬ್ಬ ವರದಿಗಾರ. ದುಡ್ಡಿನ ಕಣ್ಣು ಮಾತ್ರ ಉಳೀತು ಅಲ್ಲಿ.

ಹಗ್ಗ ಹಿರಿಯ
ರಾತ್ರಿ 11.05

ನಾನು ಸಂಪಾಜೆಯವನು. ಘಟ್ಟದ ಬುಡ, ಕಂಬಳಕ್ಕೆ ಇಳಿದು ಹೋಗ್ತಾ ಇರ್ತೀನಿ. ನನ್ನ ಹೆಸರಲ್ಲೇ ಗೊತ್ತಾಗುತ್ತೆ.

ಕಂಬಳದ ಫಲಿತಾಂಶ ಕರಾವಳಿಯ ಪತ್ರಿಕೆಗಳಲ್ಲಿ ಹೇಗೆ ಬರುತ್ತೆ ಒಮ್ಮೆ ನೋಡಿ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ, ಅಡ್ಡಹಲಗೆ, ಕನೆಹಲಗೆ ಅಂತ ವಿಭಾಗ. ಪ್ರತಿಯೊಂದರ ಕೆಳಗೆ ಕೋಣದ ಮನೆಯವರ ಹೆಸರು, ಅದರ ಪಕ್ಕದಲ್ಲೇ 'ಓಡಿಸಿದವರು' ಅಂತ ಇನ್ನೊಂದು ಹೆಸರು. ಕನೆಹಲಗೆಯಲ್ಲಿ ಕೆಸರುನೀರು ಮೇಲಕ್ಕೆ ಚಿಮ್ಮಿಸಬೇಕು, ಆರೂವರೆ ಕೋಲು ಎತ್ತರದ ನಿಶಾನೆಗೆ ನೀರು ಹಾಯಿಸಿದರೋ ಏಳೂವರೆಗೋ ಅನ್ನೋದೂ ಬರುತ್ತೆ. ಓಡಿಸಿದವನಿಗೆ ಹೆಸರಿಲ್ಲದ ಕಂಬಳದ ವರದಿ ನಾನು ಕಂಡಿಲ್ಲ. ಕೋಣಗಳಿಗೂ ಹೆಸರಿದೆ, ಅಭಿಮಾನಿಗಳಿದ್ದಾರೆ, ಕೋಣ ಸತ್ತರೆ ಸುದ್ದಿಯಾಗುತ್ತೆ.

ಇದೇ ಕಂಬಳವನ್ನ ಹೊರಗಿನವರು ಬರೆದಾಗ ಏನಾಯ್ತು ಅಂತಲೂ ಹೇಳ್ತೀನಿ. 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನ (ಕೋಣ ಓಡೋ ಕೆಸರಿನ ದಾರಿ) 13.62 ಸೆಕೆಂಡಲ್ಲಿ ಓಡಿಸಿದರು. ಅದನ್ನ ಯಾರೋ 100 ಮೀಟರಿಗೆ ಭಾಗಿಸಿ 9.55 ಅಂದರು. ಅಷ್ಟೇ, ದೇಶದ ಚಾನೆಲ್‌ಗಳಿಗೆಲ್ಲ ಉಸೇನ್ ಬೋಲ್ಟ್ ಸಿಕ್ಕಿಬಿಟ್ಟ. ಹಗ್ಗ ಹಿಡಿದವನಿಗೆ ಕೋಣದ ಎಳೆತ ಇರುತ್ತೆ, ಅದು ಟ್ರ್ಯಾಕಿನ ಓಟಕ್ಕಿಂತ ಬೇರೆಯೇ ವಿದ್ಯೆ ಅಂತ ಅವರೇ ಹೇಳಿದರು, ಕೋಣಗಳಿಗೂ ಪಾಲಿದೆ ಅಂದರು. ಟ್ರಯಲ್‌ಗೆ ಬನ್ನಿ ಅಂತ ಕರೆ ಬಂದಾಗ ಕಂಬಳವೇ ನನ್ನ ಆಟ ಅಂತ ನಿಂತರು. ಅಷ್ಟು ದಿನದ ಗದ್ದಲದಲ್ಲಿ ಕೋಣಗಳ ಬಗ್ಗೆ ಯಾವ ರಾಷ್ಟ್ರೀಯ ಚಾನೆಲ್‌ನಲ್ಲೂ ಒಂದು ಒಳ್ಳೇ ಮಾತು ನಾನು ಕೇಳಲಿಲ್ಲ. ನಮ್ಮ ಸ್ಥಳೀಯ ಪತ್ರಿಕೆಗಳಲ್ಲಿ ಮಾತ್ರ ಕೇಳಿದೆ.

ಅದಕ್ಕೇ ಹೇಳೋದು, ಪ್ರಾಣಿ ಇರೋ ಆಟವನ್ನ ಅದರ ಹಟ್ಟಿ ಗೊತ್ತಿರೋರು ಬರೀಬೇಕು.

ಕುಶಾಲನಗರ ಲಾಯ
ರಾತ್ರಿ 11.52

ಇಲ್ಲಿ ಬರೀಲೋ ಬೇಡವೋ ಅಂತ ಒಂದು ಗಂಟೆ ಯೋಚನೆ ಮಾಡಿದೆ. ನನ್ನ ಅಪ್ಪ ಸೈಸ್ ಆಗಿದ್ದರು, ಮೂವತ್ತು ವರ್ಷ. ನಾನು ಈಗ ಕುಶಾಲನಗರದಲ್ಲಿ ಅಂಗಡಿ ಇಟ್ಕೊಂಡಿದ್ದೀನಿ. ಬಾಲ್ಯ ಪೂರ್ತಿ ಕುದುರೆ ಲಾಯದ ಹಿಂದಿನ ಸಾಲುಮನೆಯಲ್ಲಿ.

ಹಗ್ಗ ಹಿಡ್ಕೊಂಡು ಓಡಿದವನ ಬಗ್ಗೆ ಗದ್ದೆ ಅಣ್ಣ ಬರೆದದ್ದು ಓದಿ ನನಗೆ ಅಪ್ಪನೇ ಕಂಡರು. ಆ ಹಗ್ಗ ಯಾಕೆ ಅಂತ ಗೊತ್ತಾ? ರೇಸ್ ಮುಗಿದ ಮೇಲೆ ಕುದುರೆಯನ್ನ ಹಿಡಿದು ಕರ್ಕೊಂಡು ಬರೋಕೆ ಸೈಸ್ ಅಲ್ಲೇ ಕಾಯ್ತಾ ಇರ್ತಾನೆ. ತನ್ನ ಕುದುರೆ ಬರದೇ ಇದ್ದರೆ ಅವನೇ ಹೋಗಬೇಕು.

ಅಪ್ಪನ ದಿನ ಬೆಳಗಿನ ಜಾವ ನಾಲ್ಕಕ್ಕೆ ಶುರು. ಮೊದಲು ನೋಡೋದು ತೊಟ್ಟಿ. ರಾತ್ರಿ ಹಾಕಿದ ಮೇವು ಉಳಿದಿದ್ರೆ ಕುದುರೆಗೆ ಏನೋ ಸರಿ ಇಲ್ಲ. ಆಮೇಲೆ ನಾಲ್ಕೂ ಕಾಲು ಮುಟ್ಟಿ ನೋಡೋದು, ಎಲ್ಲಾದರೂ ಬಿಸಿ ಇದೆಯಾ ಅಂತ. ಡಾಕ್ಟ್ರಿಗಿಂತ ಮೊದಲು ಗೊತ್ತಾಗೋದು ಆ ಅಂಗೈಗೆ. ಗೊರಸು ಕೆರೆದು ಶುಚಿ ಮಾಡಿ, ಜೀನು ಕಟ್ಟಿ, ರೈಡಿಂಗ್ ಬಾಯ್ ಕೈಗೆ ಕೊಡೋರು. ಟ್ರ್ಯಾಕ್ ವರ್ಕ್ (ಬೆಳಗಿನ ಓಟದ ಅಭ್ಯಾಸ) ಮುಗಿಸಿ ಬಂದ ಮೇಲೆ ಬೆವರು ಆರೋ ತನಕ ನಡೆಸಬೇಕು, ತಕ್ಷಣ ನಿಲ್ಲಿಸಿದ್ರೆ ಹೊಟ್ಟೆನೋವು ಬರಬಹುದು. ಕುದುರೆಗೆ ಹೊಟ್ಟೆನೋವು ಅಂದ್ರೆ ನಮ್ಮ ನಿಮ್ಮ ಹಾಗಲ್ಲ, ಜೀವವೇ ಹೋಗಬಹುದು. ತೊಳೆದು, ಮಾಲೀಶು ಮಾಡಿ, ಕಾಲಿಗೆ ಪಟ್ಟಿ ಸುತ್ತಿ, ಹುಲ್ಲು ಹಾಸಿ. ಮಧ್ಯಾಹ್ನ ಮತ್ತೆ. ಸಂಜೆ ಮತ್ತೆ. ಅಪ್ಪನ ಕೈಯಲ್ಲಿ ಮೂರು ಕುದುರೆ ಇದ್ದವು. ನನ್ನ ಅಕ್ಕನ ಮದುವೆ ದಿನವೂ ಬೆಳಿಗ್ಗೆ ಹೋಗಿ ಕೈ ಆಡಿಸಿ ಬಂದಿದ್ದರು.

ಅವರು ನೋಡ್ಕೊಂಡ ಒಂದು ಕುದುರೆ ದೊಡ್ಡ ಕಪ್ ಗೆದ್ದಿತು. ಪೇಪರಲ್ಲಿ ಫೋಟೋ ಬಂತು. ಕುದುರೆಯ ಲಗಾಮು ಹಿಡಿದ ಕೈ ಮಾತ್ರ ಫೋಟೋದಲ್ಲಿದೆ, ಮುಖ ಕತ್ತರಿಸಿ ಹೋಗಿದೆ. ಆ ಕೈ ಅಪ್ಪನದ್ದು. ಅಮ್ಮ ಅದನ್ನ ಚೌಕಟ್ಟು ಹಾಕಿಸಿ ಇಟ್ಟಿದ್ದಾರೆ, ಈಗಲೂ ನಮ್ಮ ನಡುಮನೆಯಲ್ಲಿದೆ.

ಸುಂಟಿಕೊಪ್ಪದ ಅಕ್ಕ, ನಿಮ್ಮ ದೊಡ್ಡಪ್ಪನಂಥವರನ್ನ ನಾವೂ ನೋಡಿದ್ದೀವಿ. ಅಪ್ಪ ಒಂದು ದಿನವೂ ದುಡ್ಡು ಕಟ್ಟಲಿಲ್ಲ, ಕಟ್ಟೋರ ಜೊತೆ ಮಾತೂ ಆಡ್ತಿರಲಿಲ್ಲ.

ಕೋರ್ಟ್ ರಸ್ತೆ ಮಡಿಕೇರಿ
ಬೆಳಿಗ್ಗೆ 7.30

ಕಾನೂನು ಬಲ್ಲವನಾಗಿ ಒಂದೆರಡು ಮಾತು, ಜಾಸ್ತಿ ಬೆಳೆಸಲ್ಲ. ರೇಸ್ ಕೌಶಲದ ಆಟ, ಅದೃಷ್ಟದ್ದಲ್ಲ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದೆ. ಆದರೆ ಸರ್ಕಾರ ತೆರಿಗೆಯಲ್ಲಿ ಅದನ್ನ ಕ್ಯಾಸಿನೋ ಪಕ್ಕ ಕೂರಿಸಿದೆ: 2023ರ ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ 28 ಜಿಎಸ್‌ಟಿ, 2025ರ ಸೆಪ್ಟೆಂಬರ್ 22ರಿಂದ ಶೇ 40. 2024ರಲ್ಲಿ ಬೆಂಗಳೂರಿನ ರೇಸ್ ಪರವಾನಗಿ ಹೈಕೋರ್ಟ್ ಮೆಟ್ಟಿಲು ಹತ್ತಿತು, ಅದೇ ವರ್ಷ ಜುಲೈಯಲ್ಲಿ ಊಟಿಯ ರೇಸ್‌ಕೋರ್ಸ್ ಜಾಗವನ್ನ ತಮಿಳುನಾಡು ಸರ್ಕಾರ ಗುತ್ತಿಗೆ ಬಾಕಿ ಕಾರಣಕ್ಕೆ ವಶಕ್ಕೆ ತಗೊಂಡಿತು. ಇವೆಲ್ಲ ನಮ್ಮ ಪತ್ರಿಕೆಗಳಲ್ಲಿ ಬಂದಿವೆ, ನಾನೇ ಓದಿದ್ದೀನಿ. ಯಾವುದೂ ಕ್ರೀಡಾಪುಟದಲ್ಲಿ ಇರಲಿಲ್ಲ. ಊಟಿ ಮೈದಾನ ಮುಚ್ಚಿದರೆ ಅಲ್ಲಿ ಬೇಸಿಗೆಯಲ್ಲಿ ಓಡ್ತಿದ್ದ ಕುದುರೆ, ಅದರ ಹಿಂದಿದ್ದ ಜನ ಎಲ್ಲಿಗೆ ಹೋಗ್ತಾರೆ ಅಂತ ಬರೆದದ್ದು ನನ್ನ ಕಣ್ಣಿಗೆ ಬೀಳಲಿಲ್ಲ.

ನಿವೃತ್ತ ಪಶುವೈದ್ಯ, ಸೋಮವಾರಪೇಟೆ
ಬೆಳಿಗ್ಗೆ 8.15

ನನ್ನ ವೃತ್ತಿ ಹೆಚ್ಚಾಗಿ ದನ, ಹಂದಿ, ನಾಯಿ. ಆದರೆ ಓದುವಾಗಲೂ ಆಮೇಲೆ ಒಂದಿಷ್ಟು ಕಾಲವೂ ಕುದುರೆಗಳ ಜೊತೆ ಕೆಲಸ ಮಾಡಿದ್ದೀನಿ.

ಓಡುವಾಗ ಕುಂಟಿದ ಕುದುರೆಗೆ ಏನಾಗಿರಬಹುದು? ರೇಸಿನ ತಳಿಯಾದ ಥರೋಬ್ರೆಡ್ ಕುದುರೆ 450ರಿಂದ 500 ಕಿಲೋ ತೂಗುತ್ತೆ, ಗಂಟೆಗೆ 60 ಕಿಲೋಮೀಟರ್ ಆಸುಪಾಸಿನ ವೇಗ. ಆ ವೇಗದಲ್ಲಿ ಒಂದು ಕ್ಷಣ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುತ್ತೆ. ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ, ಎಲುಬು ಮತ್ತು ಸ್ನಾಯುರಜ್ಜು ಮಾತ್ರ. ರಜ್ಜು ಹರಿದರೆ ತಿಂಗಳುಗಟ್ಟಲೆ ವಿಶ್ರಾಂತಿ, ಮತ್ತೆ ಓಡಬಹುದು, ಓಡದೇ ಇರಬಹುದು. ಗೊರಸಿನ ಮೇಲಿನ ಕೀಲಿನ ಹತ್ತಿರ ಎಲುಬು ಚೂರಾದರೆ ಹೆಚ್ಚಿನ ಸಲ ಉಳಿಸೋಕಾಗಲ್ಲ. ಯಾಕಂದ್ರೆ ಕುದುರೆಯನ್ನ ತಿಂಗಳಾನುಗಟ್ಟಲೆ ಮಲಗಿಸಿ ವಾಸಿ ಮಾಡೋಕೆ ಬರಲ್ಲ. ಮಲಗಿದರೆ ಶ್ವಾಸಕೋಶ, ಕರುಳು ಕೆಡುತ್ತೆ. ನಿಂತರೆ ಒಳ್ಳೇ ಕಾಲಿನ ಮೇಲೆ ಭಾರ ಬಿದ್ದು ಆ ಗೊರಸಿನೊಳಗೆ ಬಾವು ಏಳುತ್ತೆ. ಪರದೆ ಹಿಡಿಯೋದು ಮುಚ್ಚಿಡೋಕೆ ಅಂತ ಜನ ತಿಳ್ಕೊಳ್ತಾರೆ. ಗಾಬರಿಬಿದ್ದ ಪ್ರಾಣಿಗೆ ಜನ, ಬೇರೆ ಕುದುರೆ ಕಾಣದೇ ಇರೋದು ಒಳ್ಳೆಯದು, ವೈದ್ಯರಿಗೂ ನಿಧಾನವಾಗಿ ನೋಡೋಕಾಗುತ್ತೆ. ಪರದೆ ಹಿಡಿದ ಮಾತ್ರಕ್ಕೆ ಕುದುರೆ ಸತ್ತಿತು ಅಂತ ಅಲ್ಲ.

ಈಗ ಮುಖ್ಯ ಮಾತು. ಕುಂಟಿತು, ಮೂಗಿನಲ್ಲಿ ರಕ್ತ ಬಂತು, ಇಂಥ ಜಾಕಿಯನ್ನ ವಿಚಾರಣೆಗೆ ಕರೆದರು, ಇವೆಲ್ಲ ಓಟದ ಮೇಲೆ ಕಣ್ಣಿಡೋ ಅಧಿಕಾರಿಗಳಾದ ಸ್ಟೀವರ್ಡ್‌ಗಳು ಆಯಾ ದಿನದ ವರದಿಯಲ್ಲಿ ದಾಖಲಿಸ್ತಾರೆ. ಕ್ಲಬ್ಬುಗಳು ಅದನ್ನ ಪ್ರಕಟಿಸುತ್ತವೆ. ಯಾರೂ ಬಚ್ಚಿಟ್ಟಿರೋ ಕಾಗದ ಅಲ್ಲ ಅದು. ಓದಿ, ಕನ್ನಡದಲ್ಲಿ ನಾಲ್ಕು ಸಾಲು ಬರೆಯುವವರು ಬೇಕು. ಬರೆದು ಎರಡು ವಾರ ಬಿಟ್ಟು 'ಆ ಕುದುರೆ ಹೇಗಿದೆ' ಅಂತ ಇನ್ನೊಂದು ಸಲ ಕೇಳುವವರು ಬೇಕು.

ರೋಗದ ಸುದ್ದಿಯೂ ಹಾಗೇ. ಗ್ಲ್ಯಾಂಡರ್ಸ್ ಕುದುರೆಗಳಿಂದ ಮನುಷ್ಯರಿಗೂ ಹರಡಬಲ್ಲ ರೋಗ. 2009ರ ಸಾಂಕ್ರಾಮಿಕ ಪಶುರೋಗ ಕಾಯ್ದೆಯಡಿ ಕಂಡ ಕೂಡಲೇ ವರದಿ ಮಾಡಲೇಬೇಕು, ದೃಢಪಟ್ಟ ಕುದುರೆಯನ್ನ ನೋವಿಲ್ಲದ ಹಾಗೆ ಕೊಲ್ಲಬೇಕು. ಇಂಥ ಸುದ್ದಿ ಬಂದರೆ ನಮ್ಮಲ್ಲಿ ಪ್ರವಾಸಿಗರನ್ನ ಕೂರಿಸಿ ಸುತ್ತಿಸೋ ಒಂದೆರಡು ಕುದುರೆ ಸಾಕಿಕೊಂಡ ಬಡವನಿಗೂ ಅದು ಮುಟ್ಟಬೇಕು. ಅವನು ಓದೋದು ಇಂಗ್ಲಿಷ್ ರೇಸ್ ಪುಟ ಅಲ್ಲ, ನಮ್ಮ ಜಿಲ್ಲಾ ಪತ್ರಿಕೆ.

ಬಿಟ್ಟಂಗಾಲದ ಗದ್ದೆ
ಬೆಳಿಗ್ಗೆ 8.50

ಡಾಕ್ಟ್ರೇ, ದೊಡ್ಡ ಉಪಕಾರ ಆಯ್ತು. ಸ್ಟೀವರ್ಡ್ ವರದಿ ಹುಡುಕ್ತೀನಿ. ಇಷ್ಟು ವರ್ಷ ರೇಸ್ ನೋಡಿ ನನಗೇ ಅದು ಗೊತ್ತಿರಲಿಲ್ಲ.

ಕ್ಯಾಮೆರಾ ನಾಪೋಕ್ಲು
ಬೆಳಿಗ್ಗೆ 10.05

ನಾನು ಹಾಕಿ ಲೈವ್ ಮಾಡೋ ಹುಡುಗರಲ್ಲಿ ಒಬ್ಬ. ಎಲ್ಲರ ಮಾತೂ ಓದಿದೆ. ನನ್ನ ಕಷ್ಟ ಹೇಳ್ತೀನಿ.

ಹಾಕಿಗೆ ನಾವು ಬೆಳಿಗ್ಗೆಯಿಂದ ಸಂಜೆ ತನಕ ಕೂತ್ರೂ ಯಾರೂ ಎದ್ದು ಹೋಗಲ್ಲ, ಯಾಕಂದ್ರೆ ದುಬೈಯಲ್ಲಿ ಕೂತವನಿಗೂ ತನ್ನ ಒಕ್ಕದ ಮ್ಯಾಚ್ ಬೇಕು. ಕಾಮೆಂಟರಿಯವರು ಆಟಗಾರ ಯಾರ ಮಗ, ಯಾವ ಊರಿಗೆ ಅಳಿಯ ಅಂತ ಹೇಳ್ತಾರೆ. ಅದಕ್ಕೇ ಜನ ಕೇಳೋದು. ರೇಸಿಗೆ ನಾನು ಒಂದು ಸಲ ಪ್ರಯತ್ನ ಮಾಡಿದೆ. ಓಟ ಒಂದೂವರೆ ನಿಮಿಷದಲ್ಲಿ ಮುಗೀತು. ಮುಂದಿನ ಅರ್ಧ ಗಂಟೆ ಏನು ಹೇಳೋದು? ರೇಟಿಂಗ್, ಹ್ಯಾಂಡಿಕ್ಯಾಪ್, ಡ್ರಾ ಅಂತ ಏನೇನೋ ಪುಸ್ತಕದಲ್ಲಿ. ನನಗೇ ಅರ್ಥ ಆಗದ್ದನ್ನ ಬೇರೆಯವರಿಗೆ ಹೇಗೆ ಹೇಳಲಿ? ವಿಡಿಯೊ ಹಾಕಿದ ಅರ್ಧ ಗಂಟೆಯಲ್ಲಿ ಕೆಳಗಡೆ ಟಿಪ್ಸ್ ಮಾರೋರ ನಂಬರ್ ತುಂಬಿ ಹೋಯ್ತು. ಅಳಿಸಿ ಸಾಕಾಗಿ ವಿಡಿಯೊನೇ ತೆಗೆದೆ. ನನ್ನ ಚಾನೆಲ್ ನೋಡೋರಲ್ಲಿ ಶಾಲೆ ಮಕ್ಕಳಿದ್ದಾರೆ, ಅವರ ಕಣ್ಣಿಗೆ ಅದು ಬೀಳೋದು ನನಗೆ ಬೇಡ.

ಹಳೆಯ ಡೆಸ್ಕ್
ಬೆಳಿಗ್ಗೆ 10.40

ತಮ್ಮ, ಹ್ಯಾಂಡಿಕ್ಯಾಪ್ ಅಷ್ಟು ಕಷ್ಟದ್ದಲ್ಲ. ಪ್ರತಿ ಕುದುರೆಗೂ ಅದರ ಓಟ ನೋಡಿ ಒಂದು ಅಂಕಿ ಕೊಡ್ತಾರೆ, ಅದು ರೇಟಿಂಗ್. ಅಂಕಿ ಹೆಚ್ಚಿದ್ದ ಕುದುರೆಗೆ ಹೆಚ್ಚು ಭಾರ. ಜಾಕಿ ಹಗುರ ಇದ್ದರೆ ಜೀನಿನ ಜೊತೆ ಸೀಸದ ತುಂಡು ಸೇರಿಸಿ ತೂಕ ಸರಿ ಮಾಡ್ತಾರೆ. ಗೆದ್ದರೆ ಅಂಕಿ ಏರುತ್ತೆ, ಮುಂದಿನ ಸಲ ಇನ್ನೂ ಭಾರ. ಸೋಲ್ತಾ ಹೋದರೆ ಇಳಿಯುತ್ತೆ. ಎಲ್ಲ ಕುದುರೆಗೂ ಗೆಲ್ಲೋ ಅವಕಾಶ ಇರಲಿ ಅಂತ ಮಾಡಿಕೊಂಡ ವ್ಯವಸ್ಥೆ. ಡರ್ಬಿಯಂಥ ದೊಡ್ಡ ಓಟ ಮಾತ್ರ ಬೇರೆ. ಮುಂಬೈ ಮಹಾಲಕ್ಷ್ಮಿಯ ಇಂಡಿಯನ್ ಡರ್ಬಿ, 1943ರಿಂದ ನಡೀತಿರೋದು, 2400 ಮೀಟರ್, ಅಲ್ಲಿ ನಾಲ್ಕು ವರ್ಷದ ಕುದುರೆಗಳೇ ಓಡೋದು, ರೇಟಿಂಗ್ ನೋಡಿ ಭಾರ ಹೊರಿಸಲ್ಲ. ಇದನ್ನ ಪ್ರತಿ ವಿಡಿಯೊದಲ್ಲೂ ಒಂದು ನಿಮಿಷ ಹೇಳು, ಮೂರು ತಿಂಗಳಲ್ಲಿ ನಿನ್ನ ನೋಡುಗರಿಗೆ ಬಾಯಿಪಾಠ ಆಗುತ್ತೆ. ಪೆನಾಲ್ಟಿ ಕಾರ್ನರ್ ಏನು ಅಂತ ನಮ್ಮ ಅಜ್ಜಿಯಂದಿರು ಹಾಕಿ ನೋಡ್ತಾ ನೋಡ್ತಾನೇ ಕಲಿತರು.

ನಾನು ಡೆಸ್ಕಿನಲ್ಲಿದ್ದಾಗ ಇದನ್ನ ಒಂದು ಸಲವೂ ಬರೆಯಲಿಲ್ಲ, ಬರೆಸಲೂ ಇಲ್ಲ. ಈಗ ಯೋಚನೆ ಮಾಡಿದ್ರೆ ಅದು ತಪ್ಪೇ ಅನ್ನಿಸುತ್ತೆ. ಓದುಗನಿಗೆ ಆಟ ಅರ್ಥ ಮಾಡಿಸದೆ ಬರೀ ಅಂಕಿ ಕೊಟ್ವಿ. ಸುಂಟಿಕೊಪ್ಪದವರ ದೊಡ್ಡಪ್ಪ ಪೆನ್ಸಿಲಲ್ಲಿ ಗುರುತು ಹಾಕಿದ ಆ ತುಂಡು ನಾವು ಜೋಡಿಸಿದ ಪುಟದ್ದೂ ಆಗಿರಬಹುದು. ಅಮ್ಮ, ನಿಮ್ಮ ಕ್ಷಮೆ ಕೇಳ್ತೀನಿ.

ಗೋಣಿಕೊಪ್ಪ ಸಂತೆ
ಬೆಳಿಗ್ಗೆ 11.20

ಎಲ್ಲ ಸರಿ, ನನ್ನದು ಒಂದೇ ಪ್ರಶ್ನೆ. ಕೊಡಗಿನ ಓದುಗನಿಗೆ ಇದು ಯಾಕೆ? ನಮ್ಮ ಗದ್ದೆ ಪಾಳು ಬೀಳ್ತಾ ಇದೆ, ನಾಟಿ ಓಟ ಅಂದ್ರೆ ಏನು ಅಂತ ಮಕ್ಕಳಿಗೆ ಗೊತ್ತಿಲ್ಲ. ಹಿಂದೆ ದೊಡ್ಡ ಗದ್ದೆಯ ನಾಟಿ ಮುಗಿದ ದಿನ ಕೆಸರಲ್ಲೇ ಓಟ, ಗೆದ್ದವನಿಗೆ ಬಾಳೆಗೊನೆ, ತೆಂಗಿನಕಾಯಿ. ಪೇಪರಲ್ಲಿ ಒಂದು ಮೂಲೆ ಖಾಲಿ ಇದ್ದರೆ ಮೊದಲು ಅದಕ್ಕೆ ಕೊಡಲಿ.

ಬಿಟ್ಟಂಗಾಲದ ಗದ್ದೆ
ಬೆಳಿಗ್ಗೆ 11.45

ಅಣ್ಣ, ನನ್ನ ಹೆಸರಲ್ಲೇ ಗದ್ದೆ ಇದೆ, ಈ ವರ್ಷವೂ ನಾಟಿ ಮಾಡಿದ್ದೀನಿ. ನಾಟಿ ಓಟಕ್ಕೆ ಮೊದಲ ಜಾಗ ಸಿಗಲಿ, ನನ್ನ ತಕರಾರಿಲ್ಲ. ಆದರೆ ಕುಶಾಲನಗರದ ಲಾಯದ ಹುಡುಗ ನಮ್ಮವನಲ್ವಾ? ಅಕ್ಕನ ದೊಡ್ಡಪ್ಪ ನಮ್ಮವರಲ್ವಾ? ಇಲ್ಲಿನ ಕಾಫಿ ದುಡ್ಡು ಹೋಗಿದೆ, ಇಲ್ಲಿಯ ಜನ ಅಲ್ಲಿ ಹೋಗಿ ದುಡಿದಿದ್ದಾರೆ. ಒಂದು ಆಟ ನಮ್ಮ ಮನೆಗಳ ಒಳಗೆ ಇಷ್ಟು ಬಂದಿರೋವಾಗ ಅದು ಮೈಸೂರಿನವರದ್ದು ಅಂತ ಹೇಗೆ ಬಿಡೋದು?

ಸುಂಟಿಕೊಪ್ಪದ ಅಕ್ಕ
ಮಧ್ಯಾಹ್ನ 2.10

ಡೆಸ್ಕಿನವರೇ, ಕ್ಷಮೆ ನೀವು ಕೇಳಬೇಕಾದ್ದಲ್ಲ. ಆದರೂ ಕೇಳಿದ್ರಲ್ಲ, ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರಿಗೀಗ ಎಂಬತ್ತೆರಡು. ಸುಮ್ಮನೆ ಕೇಳಿಸ್ಕೊಂಡರು. ಆಮೇಲೆ, 'ಆ ಫೋಟೋದಲ್ಲಿ ಕೈ ಮಾತ್ರ ಬಂದವರು ಈಗ ಇದ್ದಾರಾ' ಅಂತ ಕೇಳಿದರು.

ಲಾಯದ ತಮ್ಮ, ಅದನ್ನ ನೀನೇ ಹೇಳಬೇಕು.

ನನ್ನ ಮನಸ್ಸು ಪೂರ್ತಿ ಬದಲಾಯ್ತು ಅಂತ ಹೇಳಲ್ಲ. ನಾಪೋಕ್ಲಿನ ಹುಡುಗ ಮತ್ತೆ ವಿಡಿಯೊ ಮಾಡೋದಾದರೆ ಮೂರು ಮಾತು ನಡೆಸಿಕೊಡಲಿ. ಭಾವ, ಟೋಟು, ಯಾವ ಕುದುರೆ ಗೆಲ್ಲುತ್ತೆ ಅನ್ನೋದು ಬಾಯಲ್ಲಿ ಬರಬಾರದು. ಕೆಳಗೆ ಕಾಮೆಂಟ್ ಮುಚ್ಚಿಬಿಡಲಿ. ದುಡ್ಡು ಕಳ್ಕೊಂಡ ಮನೆಯವರೂ ಒಂದು ದಿನ ಅದರಲ್ಲಿ ಮಾತಾಡಲಿ, ಮುಖ ತೋರಿಸದೇ ಇದ್ದರೂ ಸರಿ. ನಾನು ಬರ್ತೀನಿ.

ಕುಶಾಲನಗರ ಲಾಯ
ಮಧ್ಯಾಹ್ನ 3.35

ಅಪ್ಪ ಇದ್ದಾರೆ ಅಕ್ಕ. ಮೊಣಕಾಲು ಹಿಡ್ಕೊಂಡಿದೆ, ಜಾಸ್ತಿ ನಡೆಯೋಕಾಗಲ್ಲ. ದೊಡ್ಡಮ್ಮ ಕೇಳಿದರು ಅಂತ ಹೇಳಿದೆ. ಕೈ ನೋಡ್ಕೊಂಡರು, ಏನೂ ಮಾತಾಡಲಿಲ್ಲ.

ಕ್ಯಾಮೆರಾ ನಾಪೋಕ್ಲು
ಸಂಜೆ 5.20

ಅಕ್ಕ ಹೇಳಿದ್ದೆಲ್ಲ ಒಪ್ಪಿದೆ. ಭಾವ ಇಲ್ಲ, ಕಾಮೆಂಟ್ ಇಲ್ಲ. ಹೆಸರು ಕಂಬಳದವರ ಹಾಗೆ ಹಾಕ್ತೀನಿ: ಕುದುರೆ, ಸವಾರ, ಟ್ರೇನರ್, ಮಾಲೀಕ, ನೋಡ್ಕೊಂಡವರು. ಓಟ ಮುಗಿಸದ ಕುದುರೆಗೆ ಬೇರೆ ಸಾಲು, ಎರಡು ವಾರ ಬಿಟ್ಟು ಇನ್ನೊಂದು ಸಾಲು. ಡಾಕ್ಟ್ರು ಸ್ಟೀವರ್ಡ್ ವರದಿ ಓದೋದು ಹೇಗೆ ಅಂತ ಹೇಳಿಕೊಟ್ಟರೆ ಸೋಮವಾರಪೇಟೆಗೇ ಬರ್ತೀನಿ.

ಮೊದಲ ವಿಡಿಯೊ ಓಟದ್ದು ಬೇಡ ಅಂತ ಅನ್ನಿಸ್ತಿದೆ. ಲಾಯದ ಅಣ್ಣ, ನಿಮ್ಮ ಅಪ್ಪ ಒಪ್ಪಿದರೆ ಅವರಿಂದ ಶುರು ಮಾಡ್ತೀನಿ. ಬೆಳಿಗ್ಗೆ ತೊಟ್ಟಿ ನೋಡೋದರಿಂದ.

ಬಿಟ್ಟಂಗಾಲದ ಗದ್ದೆ
ಸಂಜೆ 6.02

ಸ್ಟೀವರ್ಡ್ ವರದಿ ಸಿಕ್ತು. ಆ ಕಂದು ಕುದುರೆಯ ಸಾಲು ಇದೆ. ಬಲ ಮುಂಗಾಲು ಕುಂಟಿದೆ, ವೈದ್ಯರು ನೋಡಿದ್ದಾರೆ, ಮತ್ತೆ ಓಡಿಸೋಕೆ ಮೊದಲು ವೈದ್ಯರ ಪರೀಕ್ಷೆ ಆಗಬೇಕು ಅಂತ ಬರೆದಿದೆ. ಬದುಕಿದೆ.

ಕುಶಾಲನಗರ ಲಾಯ
ಸಂಜೆ 6.30

ಅಣ್ಣ, ಓದಿ ಅಪ್ಪನಿಗೆ ಕೂಗಿ ಹೇಳಿದೆ. 'ಬಲ ಮುಂಗಾಲಾ? ಹಾಗಾದ್ರೆ ಕಾಲಿಗೆ ತಣ್ಣೀರು ಹಿಡಿದಿರ್ತಾನೆ ಅವನು' ಅಂದ್ರು. ಅವನು ಅಂದ್ರೆ ಸೈಸ್.

ನಾಪೋಕ್ಲು ತಮ್ಮ, ಅಪ್ಪ ಒಪ್ಪಿದ್ದಾರೆ. ಭಾನುವಾರ ಬಾ. ಮನೇಲಿ ಕುದುರೆ ಇಲ್ಲ, ಹಳೇ ಜೀನು ಒಂದಿದೆ, ಗೊರಸು ಕೆರೆಯೋ ಕೊಕ್ಕೆ ಇದೆ, ಆ ಫೋಟೋ ಇದೆ. ಬೇಗ ಬಾ ಅಂದಿದ್ದಾರೆ, ಅವರು ಈಗಲೂ ಏಳೋದು ನಾಲ್ಕಕ್ಕೇ.